ಹಾಲ್‌ನಾಗಿಕ್ಕೋ ಪೆಟ್ಟಿಗೆ ಆರಿಸೋರು ಯಾರು?

ಫ್ರಿಜ್ಜು ತಗೊಳೋವಾಗ ನಮ್ಮನ್ನ ಕರ್ಕಂಡು ಹೋಗ್ತಾರೆ. ಮಿಕ್ಸಿ, ಗ್ರೈಂಡರು, ಗ್ಯಾಸ್ ಒಲೆ, ಎಲ್ಲಕ್ಕೂ ನಮ್ಮನ್ನ ಕೇಳ್ತಾರೆ. "ನೀನೇ ತಾನೆ ಬಳಸೋಳು" ಅಂತಾರೆ. ಹಾಡು ಕೇಳೋ ಸೆಟ್ಟು ತರೋ ದಿವ್ಸ ಮಾತ್ರ ನಾವು ಮನೆಯಾಗಿದ್ದು ಕಾಫಿ ಕಾಯಿಸಬೇಕು. ಗಂಡ, ಮೈದುನ, ಮೈದುನನ ಗೆಳೆಯ ಮೂರು ಜನ ಕಾರ್ನಾಗೆ ಬೆಂಗ್ಳೂರಿಗೆ ಹೋಗಿ ರಾತ್ರಿ ಹತ್ತು ಗಂಟೆಗೆ ಒಂದು ಪೆಟ್ಟಿಗೆ ಹೊತ್ಕಂಡು ಬರ್ತಾರೆ. ಎಲ್ಲಿಕ್ಕೋದು ಅಂತ ಆಗ ನಮ್ಮನ್ನ ಕೇಳ್ತಾರೆ. ಇಕ್ಕೋ ಜಾಗ ಹೇಳೋಕೆ ಗೊತ್ತಿರೋಳಿಗೆ ಇಕ್ಕೋ ವಸ್ತು ಆರಿಸೋಕೆ ಗೊತ್ತಿರಲ್ವಾ?

ನನ್ನ ಮಾತು ಇಷ್ಟೇ ಕಣ್ರಮ್ಮ. ಟ್ಯೂಬ್ ಆಂಪ್ಲಿಫೈಯರ್ ಅನ್ನೋದು ಈಗ ನಮ್ಮ ಊರುಗಳಿಗೂ ಬಂದೈತೆ. ಬಂದಿದ್ದು ಸಂತೋಷ. ಅದನ್ನ ಆರಿಸಬೇಕಾದೋರು ಮನೆ ನಡೆಸೋರು, ಆರಿಸಬೇಕಾದ್ದು ಸಣ್ಣದನ್ನ. ಈ ಎರಡರಾಗೆ ಯಾವುದನ್ನೂ ನಾನು ಬಿಟ್ಟುಕೊಡಲ್ಲ.

ಇದನ್ನ ಈಗಲೇ ಬರೀತಿರೋದು ಶಿಡ್ಲಘಟ್ಟದ ನಮ್ ನಾದಿನಿಗೋಸ್ಕರ. ಅವಳಿಗೆ ಚೀಟಿ ದುಡ್ಡು ಬಂದೈತೆ, ಒಂದೂ ಕಾಲು ಲಕ್ಷ. ಹುಳ ಸಾಕಿ, ಗೂಡು ಮಾರಿ, ತಿಂಗ್ಳಿಗೆ ಐದು ಸಾವಿರದಂಗೆ 25 ತಿಂಗ್ಳು ಕಟ್ಟಿದ ದುಡ್ಡು. ಒಂದು ಒಳ್ಳೆ ಸೆಟ್ಟು ತಗೋಬೇಕು ಅಂತ ಆಸೆ ಪಟ್ಟೋಳು ಅವಳೇ. ಹೋಗಿ ನೋಡ್ಕಂಡು ಬಂದೋರು ಅವಳ ಗಂಡ ಮತ್ತೆ ಭಾವ. ಅವರು ಗೊತ್ತು ಮಾಡಿರೋದು ಒಂದು ಲಕ್ಷದ ಹದಿನೆಂಟು ಸಾವಿರದ್ದು. ಚಾನೆಲ್ಲಿಗೆ 40 ವ್ಯಾಟು, ನಾಕು ದೊಡ್ಡ ಟ್ಯೂಬು. ಉಳಿಯೋದು ಏಳು ಸಾವಿರ. ಸ್ಪೀಕರ್ರು? "ಹಳೇ ಹೋಮ್ ಥಿಯೇಟರಿಂದೇ ಹಾಕ್ಕಂಡ್ರಾಯ್ತು." ರೇಷ್ಮೆ ಸೀರೆಗೆ ಹರಿದ ಲಂಗ ಉಟ್ಟಂಗಾಯ್ತು. ಅಂಗಡಿಯವನಿಗೆ ಅವಳು ಫೋನ್ನಾಗೆ ಒಂದು ಪ್ರಶ್ನೆ ಕೇಳಿದ್ಲಂತೆ, ಕರೆಂಟು ಎಷ್ಟು ತಗೊಳುತ್ತೆ ಅಂತ. "ಮೇಡಂ, ಸರ್‌ಗೆ ಎಲ್ಲಾ ಹೇಳಿದೀನಿ" ಅಂದನಂತೆ. ಅಂಗಡಿ ಹೆಸರು ಬೇಡ ಬಿಡಿ, ಎಲ್ಲಾ ಕಡೆ ಇದೇ ಉತ್ತರ ಸಿಗುತ್ತೆ.

ಮೊದ್ಲು ಟ್ಯೂಬ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಗೌರಿಬಿದನೂರು ಅತ್ತಿಗೆ ಟ್ಯೂಬ್‌ಲೈಟು ಅಂದ್ಕಂಡಿದ್ರು. ನಮ್ಮ ಅಜ್ಜಿ ಕಾಲದ ರೇಡಿಯೊ ನೆನೆಸ್ಕಳ್ರಿ, ಮರ್ಫಿನೋ ಫಿಲಿಪ್ಸೋ ಬುಶ್ಶೋ. ಪೋಸ್ಟಾಫೀಸ್ನಾಗೆ ವರ್ಷಾ ವರ್ಷ ಲೈಸೆನ್ಸ್ ಕಟ್ಟಿ ಇಕ್ಕೊಂತಿದ್ರಲ್ಲ, ಅದು. ಸ್ವಿಚ್ ಹಾಕಿದ್ರೆ ತಕ್ಷಣ ಮಾತಾಡ್ತಿರಲಿಲ್ಲ. ಹಿಂದುಗಡೆ ರಟ್ಟಿನ ತೂತಿನಾಗೆ ಕೆಂಪಗೆ ಬೆಳಕು ಕಾಣಬೇಕು, ಅರ್ಧ ನಿಮಿಷ ಕಾಯಬೇಕು, ಆಮೇಲೆ ದನಿ ಮೆಲ್ಲಗೆ ಏರ್ಕಂಡು ಬರ್ತಿತ್ತು. ಆ ಕೆಂಪಗಿನ ಗಾಜಿನ ಬುರುಡೆಗಳೇ ವಾಲ್ವು. ಅದನ್ನೇ ಈಗ ಟ್ಯೂಬ್ ಅಂತಾರೆ. ಗಾಳಿ ತೆಗೆದ ಗಾಜಿನೊಳಗೆ ಒಂದು ತಂತಿ ಕಾಯುತ್ತೆ. ಆ ಕಾವಿಗೆ ಸುತ್ತಲ ಕೊಳವೆಯಿಂದ ಎಲೆಕ್ಟ್ರಾನುಗಳು ಎದ್ದು ಹೊರಗಿನ ತಗಡಿನ ಕಡೆ ಓಡ್ತವೆ. ನಡುವೆ ಜಾಲರಿ ಥರ ಸಣ್ಣ ತಂತಿ ಸುತ್ತಿರ್ತಾರೆ. ಹಾಡಿನ ಸಣ್ಣ ಕರೆಂಟು ಆ ಜಾಲರಿಗೆ ಬಂದಾಗ ಓಡೋ ದೊಡ್ಡ ಕರೆಂಟು ಅದರ ತಾಳಕ್ಕೆ ತಕ್ಕಂಗೆ ಹೆಚ್ಚು ಕಡಿಮೆ ಆಗುತ್ತೆ. ತೂಬಿನ ಹಲಗೆ ಒಂದು ಬೆರಳು ಎತ್ತಿದ್ರೆ ಕೆರೆ ನೀರು ಹೊಲಕ್ಕೆ ನುಗ್ಗಲ್ವಾ, ಹಂಗೆ. ಜಾಲರಿ ಇರೋ ಈ ವಾಲ್ವು ಅಮೆರಿಕದಾಗೆ 1906ರ ಹೊತ್ತಿಗೇ ಬಂದಿತ್ತು. 1947ರಾಗೆ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ನಿಧಾನಕ್ಕೆ ಮೂಲೆ ಸೇರ್ತು. ಹಾಡು ಕೇಳೋರು ಮಾತ್ರ ಬಿಡಲಿಲ್ಲ.

ಇದು ಗಂಡಸರ ವಿದ್ಯೆ ಅನ್ನೋರಿಗೆ ಒಂದು ಮಾತು. ಆ ಜಾಲರಿ ಕೂದಲಿಗಿಂತ ಸಣ್ಣ ತಂತಿ. ಅದನ್ನ ಜಾಗಕ್ಕೆ ಕೂರಿಸೋಕೆ ನಡುಗದ ಬೆರಳು ಬೇಕು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಾಗಿದ್ದ ಮಲ್ಲಾರ್ಡ್ ಕಾರ್ಖಾನೆ, ಈಗ್ಲೂ ಅದರ ಹಳೇ ಟ್ಯೂಬಿಗೆ ಗಂಡಸರು ಚಿನ್ನದ ರೇಟು ಕೊಡ್ತಾರೆ, ಅಲ್ಲಿ ಸಾಲಾಗಿ ಕೂತು ಟ್ಯೂಬ್ ಜೋಡಿಸ್ತಿದ್ದೋರು ಹೆಚ್ಚಾಗಿ ಹೆಂಗಸರು. ಶಿಡ್ಲಘಟ್ಟದಾಗೆ ಬಿಸಿನೀರಿನಾಗೆ ಕೈ ಅದ್ದಿ ಗೂಡಿನ ಎಳೆ ತುದಿ ಹುಡುಕಿ ಎತ್ತೋ ಹೆಣ್ಮಕ್ಕಳ ಬೆರಳು ನೋಡಿರೋರಿಗೆ ಇದ್ರಾಗೆ ಆಶ್ಚರ್ಯ ಏನೂ ಇರಲ್ಲ. ದೂರ ಯಾಕೆ, ನಮ್ಮ ಬೆಂಗ್ಳೂರ್ನಾಗೇ 1954ರಾಗೆ ಶುರುವಾದ ಬಿಇಎಲ್ ಕಾರ್ಖಾನೆ ಮುಂದೆ ರೇಡಿಯೊ ವಾಲ್ವುಗಳನ್ನೂ ಮಾಡ್ತಿತ್ತು. ಬಿಇಎಲ್ ಮುದ್ರೆಯ ಇಸಿಸಿ 83 ಅನ್ನೋ ಸಣ್ಣ ಟ್ಯೂಬನ್ನ ಇವತ್ತೂ ಹುಡುಕ್ಕಂಡು ಬರ್ತಾರೆ.

ಈಗ ವ್ಯಾಟಿನ ವಿಚಾರ. ಅಂಗಡಿಯವರು ನಮ್ಮ ಗಂಡಸರನ್ನ ಬೀಳಿಸೋದೇ ಇಲ್ಲಿ. 40 ವ್ಯಾಟು 20ಕ್ಕಿಂತ ಎರಡರಷ್ಟು ಜೋರು ಅಂತ ಅವರ ನಂಬಿಕೆ. ಅಲ್ಲವೇ ಅಲ್ಲ. ವ್ಯಾಟು ಎರಡರಷ್ಟಾದ್ರೆ ಸದ್ದು ಮೂರು ಡೆಸಿಬೆಲ್ ಏರುತ್ತೆ, ಅಷ್ಟೇ. ಮಾತಾಡ್ತಿರೋರು ಸ್ವಲ್ಪ ದನಿ ಎತ್ತಿದಂಗೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದ್ರೆ ಸುಮಾರು ಹತ್ತರಷ್ಟು ವ್ಯಾಟು ಬೇಕು. ಹನ್ನೆರಡಡಿ ಹದಿನಾಲ್ಕಡಿ ಹಾಲ್‌ನಾಗೆ, ಅಡಿಗೆಮನೆಗೂ ಕೇಳೋ ಹಂಗೆ, ಪಕ್ಕದ ಮನೆಯೋರು ಬೈಕೊಳ್ಳದಂಗೆ ಹಾಡು ಹಾಕಿದಾಗ ಆಂಪ್ಲಿಫೈಯರಿಂದ ಹೊರಡೋದು ಒಂದು ವ್ಯಾಟಿನ ಆಜುಬಾಜು. ನಿಜ ಕಣ್ರಮ್ಮ, ಒಂದೇ ವ್ಯಾಟು. ಉಳಿದಿದ್ದು ತಬಲದ ಏಟು, ಡೋಲಿನ ಹೊಡೆತ ಬಂದಾಗ ಒಂದು ಕ್ಷಣಕ್ಕೆ ಬೇಕಾಗೋ ಮೀಸಲು. ಅಜ್ಜಿ ಮನೆ ರೇಡಿಯೊ ಮೂರು ನಾಕು ವ್ಯಾಟಿಂದು. ಚಿತ್ರಗೀತೆ ಬಂದ್ರೆ ಜಗಲಿ ಮೇಲೆ ಕೂತ ಹತ್ತು ಜನಕ್ಕೂ ಕೇಳಿಸ್ತಿರಲಿಲ್ವಾ?

ಮೈಸೂರಿನಾಗೆ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಅವರು 1935ರಾಗೆ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ್ದು 30 ವ್ಯಾಟಿನ ಯಂತ್ರದಾಗೆ. ಆಕಾಶವಾಣಿ ಅನ್ನೋ ಹೆಸರಿನ ಊರು ಅದೇ. ಆ ವ್ಯಾಟು ಬೇರೆ, ಈ ವ್ಯಾಟು ಬೇರೆ, ಆಕಾಶಕ್ಕೆ ಬಿಡೋದಕ್ಕೂ ಸ್ಪೀಕರಿಗೆ ಕೊಡೋದಕ್ಕೂ ತಾಳೆ ಹಾಕಬಾರದು ಅಂತ ನಂಗೂ ಗೊತ್ತು. ಆದ್ರೂ 40 ವ್ಯಾಟು ಇಲ್ದಿದ್ರೆ ಹಾಲ್ ತುಂಬಲ್ಲ ಅಂತ ಭಾವ ಹೇಳಿದಾಗೆಲ್ಲ ನಂಗೆ ಇದು ನೆನಪಾಗಿ ನಗು ಬರುತ್ತೆ.

ಜೋರು ಎಲ್ಲಿಂದ ಬರುತ್ತೆ ಹಂಗಾದ್ರೆ? ಸ್ಪೀಕರಿಂದ. ಜಾತ್ರೆಯಾಗೆ ಮೈಕ್ ಸೆಟ್ ಅವ್ರು ಮರಕ್ಕೆ ಕಟ್ಟೋ ಹಾರ್ನ್ ನೋಡಿ. ಇಪ್ಪತ್ತು ಮೂವತ್ತು ವ್ಯಾಟಿಗೆ ಊರಾಚೆ ತೋಟದಾಗೂ ಕೇಳಿಸುತ್ತೆ, ಯಾಕಂದ್ರೆ ಹಾರ್ನು ಕೊಟ್ಟಿದ್ದನ್ನ ಪೋಲು ಮಾಡದೆ ಸದ್ದಾಗಿ ಹೊರಗೆ ಹಾಕುತ್ತೆ. ಮನೆ ಸ್ಪೀಕರಿಗೂ ಈ ಗುಣಕ್ಕೆ ಒಂದು ನಂಬರು ಇರುತ್ತೆ, ಸೆನ್ಸಿಟಿವಿಟಿ ಅಂತ. ಸ್ಪೀಕರಿನ ಬೆನ್ನ ಮೇಲೋ ಅದರ ಜೊತೆ ಬರೋ ಕಾಗದದಾಗೋ 85 ಡಿಬಿ, 91 ಡಿಬಿ ಅಂತ ಬರೆದಿರ್ತಾರೆ. 85ರ ಸ್ಪೀಕರಿಗೆ 40 ವ್ಯಾಟ್ ಕೊಟ್ಟಾಗ ಬರೋ ಸದ್ದು 95ರ ಸ್ಪೀಕರಿಗೆ ನಾಕೇ ವ್ಯಾಟಿಗೆ ಬರುತ್ತೆ. ಕಾಗದದ ಮೇಲೆ ನೀವೇ ಲೆಕ್ಕ ಹಾಕಿ, ಪ್ರತಿ ಮೂರು ಡಿಬಿಗೆ ವ್ಯಾಟು ಅರ್ಧ. ಅಂದ ಮೇಲೆ ನಾದಿನಿ ಮನೆಯೋರು ಮಾಡ್ತಿರೋದು ಏನು? ಹೊಟ್ಟೆಬಾಕ ಸ್ಪೀಕರ್ ಉಳಿಸ್ಕಂಡು ಅದಕ್ಕೆ ಊಟ ಹಾಕೋಕೆ ದೊಡ್ಡ ಅಡಿಗೆಭಟ್ಟನ್ನ ತರ್ತಿರೋದು. ದುಡ್ಡನ್ನ ಸ್ಪೀಕರಿಗೆ ಇಕ್ಕಿ, 90ರ ಮೇಲಿರೋದನ್ನ ಹುಡುಕಿ. ಆಮೇಲೆ ಹತ್ತು ಹನ್ನೆರಡು ವ್ಯಾಟಿನ ಆಂಪ್ಲಿಫೈಯರು ಧಾರಾಳ ಆಗುತ್ತೆ. ನಮ್ಮನೆಯಾಗೆ ಆರು ವರ್ಷದಿಂದ ಇರೋದು ಅದೇ, ಇಎಲ್ 84 ಅನ್ನೋ ಹೆಬ್ಬೆರಳು ಗಾತ್ರದ ಟ್ಯೂಬಿಂದು. ದನಿ ಅರ್ಧಕ್ಕಿಂತ ಮೇಲೆ ತಿರುಗಿಸಿದ್ದು ನನ್ನ ಮಗಳ ಆರತಿ ದಿನ ಮಾತ್ರ.

ಇನ್ನೊಂದು ಮೋಸ ಐತೆ, ಇದನ್ನ ಎಲ್ರಿಗೂ ಹೇಳಿ. ಆನ್‌ಲೈನ್‌ನಾಗೆ ಆರೇಳು ಸಾವಿರಕ್ಕೆ "ಟ್ಯೂಬ್ ಆಂಪ್ಲಿಫೈಯರ್, 100 + 100 ವ್ಯಾಟ್" ಅಂತ ಅಂಗೈ ಅಗಲದ ಡಬ್ಬಿ ಬರುತ್ತೆ. ಮೇಲೆ ಎರಡು ಪುಟಾಣಿ ಟ್ಯೂಬು ಕಿತ್ತಳೆ ಬಣ್ಣಕ್ಕೆ ಜಗಜಗ ಅಂತಿರ್ತವೆ. ಚಿಂತಾಮಣಿ ಚಿಕ್ಕಮ್ಮನ ಮಗ ಒಂದು ತರಿಸ್ದ. ಆ ಬೆಳಕು ಟ್ಯೂಬಿಂದಲ್ಲ, ಟ್ಯೂಬಿನ ಬುಡದಾಗೆ ಕೂರಿಸಿದ ಎಲ್‌ಇಡಿದು. ಹಾಡನ್ನ ಸ್ಪೀಕರಿಗೆ ತಳ್ಳೋ ಕೆಲ್ಸ ಎಲ್ಲಾ ಒಳಗಿರೋ ಒಂದು ಚಿಪ್ಪಿಂದು. ಟ್ಯೂಬು ದಾರಿ ಮಧ್ಯ ನಿಂತು ಕೈ ಬೀಸುತ್ತೆ ಅಷ್ಟೆ. ಜೊತೆಗೆ ಬರೋ ಅಡಾಪ್ಟರ್ ನೋಡಿ, 24 ವೋಲ್ಟು 5 ಆಂಪ್ಸ್ ಅಂತಿದ್ರೆ ಗುಣಿಸಿ, 120 ವ್ಯಾಟು. 120 ವ್ಯಾಟ್ ಕುಡಿಯೋ ಡಬ್ಬಿ 200 ವ್ಯಾಟ್ ಹೆಂಗೆ ಕೊಡುತ್ತೆ? ಒಂದು ಸೇರು ಅಕ್ಕಿ ಹಾಕಿ ಎರಡು ಸೇರು ಹಿಟ್ಟು ಬೀಸಿಸ್ಕಂಡು ಬಂದೆ ಅಂದ್ರೆ ಯಾವ ಅತ್ತೆ ನಂಬ್ತಾಳೆ? ಆ ಡಬ್ಬಿ ಕೆಟ್ಟದು ಅಂತ ಅಲ್ಲ, ಆರು ಸಾವಿರಕ್ಕೆ ಹಾಡುತ್ತೆ, ಹಾಡಲಿ. ಟ್ಯೂಬ್ ಅನ್ನೋ ಹೆಸರು ಹೇಳಿ ಮಾರೋದು ಮೋಸ. ನಿಜವಾದದ್ದನ್ನ ಎತ್ತಿ ನೋಡಿದ್ರೆ ಗೊತ್ತಾಗುತ್ತೆ. ಟ್ಯೂಬಿನಾಗೆ ವೋಲ್ಟೇಜು ಜಾಸ್ತಿ, ಕರೆಂಟು ಕಮ್ಮಿ. ಸ್ಪೀಕರಿಗೆ ಬೇಕಾದ್ದು ಅದಕ್ಕೆ ಉಲ್ಟಾ. ಅದನ್ನ ಹೊಂದಿಸೋಕೆ ಟ್ರಾನ್ಸ್‌ಫಾರ್ಮರ್ ಬೇಕು, ಎಡಕ್ಕೊಂದು ಬಲಕ್ಕೊಂದು, ಮನೆ ಕರೆಂಟಿಗೆ ಇನ್ನೊಂದು. ಕಬ್ಬಿಣ, ತಾಮ್ರ. ನಮ್ಮನೇದು ಸಣ್ಣದಾದ್ರೂ ರುಬ್ಬೋ ಗುಂಡಿನ ಭಾರ. ಕೊಡೋ ದುಡ್ಡಿನಾಗೆ ಮುಖ್ಯ ಪಾಲು ಆ ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು, ಮುಂದುಗಡೆ ಹೊಳೆಯೋ ತಗಡಿಗಲ್ಲ.

ನಾವು ಆರಿಸಬೇಕು ಅಂತ ನಾನು ಹಟ ಹಿಡಿದಿರೋದಕ್ಕೆ ದೊಡ್ಡ ಕಾರಣ ಇನ್ಮೇಲೆ ಬರೋದು. ಗಂಡಸರು ನೋಡೋದು ಹಾಡೋ ಪೆಟ್ಟಿಗೆ. ನಮ್ಮ ಕಣ್ಣಿಗೆ ಅದು ಹಾಲ್‌ನಾಗೆ ಇಟ್ಟಿರೋ ಇನ್ನೊಂದು ಒಲೆ. ದೊಡ್ಡ ಟ್ಯೂಬಿನ ಗಾಜು 200 ಡಿಗ್ರಿ ದಾಟಿ ಕಾಯುತ್ತೆ, ರೊಟ್ಟಿ ಹಂಚಿನ ಥರ. ಮಗು ಕೈ ಇಕ್ಕಿದ್ರೆ ಬೊಬ್ಬೆ ಏಳುತ್ತೆ. ಅದಕ್ಕೇ ಮೇಲೆ ಜಾಲರಿ ಇರೋದನ್ನೇ ತಗೋಬೇಕು, ತಂದ ಮೇಲೆ "ಚೆನ್ನಾಗಿ ಕಾಣಲ್ಲ" ಅಂತ ಅದನ್ನ ಬಿಚ್ಚಿ ಅಟ್ಟಕ್ಕೆ ಎಸೆಯೋಕೆ ಬಿಡಬಾರದು. ಜಾಲರಿ ಇಲ್ದಿದ್ರೆ ಬೆಚ್ಚಗೈತೆ ಅಂತ ಹಲ್ಲಿ ಬೇರೆ ಬರ್ತವೆ. ಒಳಗೆ ಮುನ್ನೂರು ನಾನ್ನೂರು ವೋಲ್ಟ್ ಓಡ್ತಿರುತ್ತೆ, ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಾಗೆ ಕರೆಂಟು ಉಳಿದಿರುತ್ತೆ. ಯೂಟ್ಯೂಬ್ ನೋಡ್ಕಂಡು ತಳ ಬಿಚ್ತೀನಿ ಅನ್ನೋ ಹುಡುಗರ ಕೈಯಿಂದ ಸ್ಕ್ರೂಡ್ರೈವರ್ ಕಿತ್ಕಳ್ರಿ, ಇದ್ರಾಗೆ ಪ್ರೀತಿ ಗೀತಿ ನೋಡಬೇಡಿ.

ಇನ್ನು ನಮ್ಮ ಕಡೆಯ ಚಾಳಿ ಒಂದೈತೆ, ಏನೇ ತಂದ್ರೂ ಕ್ರೋಶಾ ಬಟ್ಟೆ ಹೊದಿಸೋದು. ಟಿವಿಗೆ ಹೊದಿಸಿ, ಫ್ರಿಜ್ಜಿಗೆ ಹೊದಿಸಿ, ಇದಕ್ಕೆ ಹೊದಿಸಿದ್ರೆ ಬೆಂಕಿ ಹತ್ತುತ್ತೆ. ಗಾಜಿನ ಬಾಗಿಲ ಶೋಕೇಸಿನೊಳಗೂ ಇಕ್ಕಬಾರದು. ಸುತ್ತ ಒಂದಡಿ, ಮೇಲೆ ಎರಡಡಿ ಗಾಳಿ ಬಿಡಿ. ಹೂವಿನ ಕುಂಡ, ದೇವರ ದೀಪ ಹತ್ರ ಸುಳಿಯಬಾರದು. ಸ್ಪೀಕರ್ ವೈರು ಕಿತ್ತು ಬಂದಿದ್ರೆ ಟ್ಯೂಬ್ ಆಂಪ್ಲಿಫೈಯರ್ ಆನ್ ಮಾಡ್ಲೇಬಾರದು, ಆ ದುಬಾರಿ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಗುಡಿಸೋವಾಗ ಪೊರಕೆ ತಗಲಿ ವೈರು ಬಿಟ್ಟಿದ್ರೆ ಮೊದ್ಲು ಗೊತ್ತಾಗೋದು ಯಾರಿಗೆ? ಗುಡಿಸೋರಿಗೆ.

ಕರೆಂಟು. ನಾದಿನಿ ಕೇಳಿದ ಪ್ರಶ್ನೆಗೆ ಉತ್ತರ ನಾನೇ ಕೊಡ್ತೀನಿ. ಟ್ಯೂಬ್ ಆಂಪ್ಲಿಫೈಯರು ಹಾಡಿದ್ರೂ ತಗೊಳುತ್ತೆ, ಸುಮ್ನೆ ಆನ್ ಆಗಿದ್ರೂ ತಗೊಳುತ್ತೆ. ನಾಕು ದೊಡ್ಡ ಇಎಲ್ 34 ಇರೋದು ಸುಮಾರು 200 ವ್ಯಾಟ್ ಎಳೆಯುತ್ತೆ. ದಿನಕ್ಕೆ ನಾಕು ಗಂಟೆ ಅಂದ್ರೆ ತಿಂಗ್ಳಿಗೆ 24 ಯೂನಿಟ್. 80 ವ್ಯಾಟ್ ಎಳೆಯೋ ಸಣ್ಣದಾದ್ರೆ ಹತ್ತು ಯೂನಿಟ್ಟೂ ಆಗಲ್ಲ. ಗೃಹಜ್ಯೋತಿ ಬಂದ ಮೇಲೆ ಇದು ಸಣ್ಣ ಲೆಕ್ಕ ಅಲ್ಲ. 200 ಯೂನಿಟ್ ದಾಟಿದ್ರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. 185ರಾಗೆ ನಡೀತಿರೋ ಮನೆಗೆ 24 ಸೇರಿಸಿ ನೋಡಿ, 209. ಈ ಕೂಡೋ ಲೆಕ್ಕವನ್ನ ಅಂಗಡಿಯವನು ಯಾವ "ಸರ್"ಗೂ ಹೇಳಿರಲ್ಲ. ಮೀಟರ್ ರೀಡರ್ ಬಂದಾಗ ಬಾಗ್ಲಿಗೆ ಹೋಗೋರು ನಾವು, ನಮಗೆ ಬಾಯಲ್ಲೇ ಐತೆ.

ವೋಲ್ಟೇಜಿನದು ಇನ್ನೊಂದು ಕತೆ. ನಮ್ಮ ಕಡೆ ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಎದ್ದಾಗ ಲೈಟು ಮಂಕಾಗುತ್ತೆ, ಅವೆಲ್ಲ ನಿಂತ ಮೇಲೆ ರಾತ್ರಿ ಫ್ಯಾನು ಹುಚ್ಚು ಹಿಡಿದಂಗೆ ತಿರುಗುತ್ತೆ. ಹೊರದೇಶದಿಂದ ಬರೋ ಎಷ್ಟೋ ಪೆಟ್ಟಿಗೆಗಳು 220 ವೋಲ್ಟಿಗೆ ಮಾಡಿದವು. ಅದಕ್ಕೆ 245 ಕೊಟ್ರೆ ಟ್ಯೂಬಿನ ತಂತಿ ಬೇಕಾದ್ದಕ್ಕಿಂತ ಹೆಚ್ಚು ಕಾಯ್ದು ಬೇಗ ಸಾಯುತ್ತೆ. 230 ಅಥವಾ 240ಕ್ಕೆ ಹೊಂದಿಸೋಕೆ ಆಗುತ್ತಾ ಅಂತ ಕೇಳಿ, ಬರೆಸ್ಕಳಿ. ಸ್ಟೆಬಿಲೈಸರ್ ಇಕ್ಕಿ. ಹಳೇ ಮನೆಗಳಾಗೆ ಪ್ಲಗ್ಗಿನ ಮೂರನೇ ತೂತು ಬರೀ ಅಲಂಕಾರಕ್ಕಿರುತ್ತೆ, ಹಿಂದೆ ಅರ್ಥಿಂಗ್ ವೈರೇ ಇರಲ್ಲ. ಅರ್ಥಿಂಗ್ ಇಲ್ದೆ ಈ ಪೆಟ್ಟಿಗೆ ಮನೆಗೆ ಬರಕೂಡದು. ಮುಟ್ಟಿದ್ರೆ ಜುಮ್ ಅನ್ನುತ್ತೆ, ಹಾಡಿನ ಹಿಂದೆ ಗುಂಯ್ ಅನ್ನುತ್ತೆ.

ನಂಗೆ ಎದುರಾಗೋರು ಬರೀ ಗಂಡಸರಲ್ಲ. ದೊಡ್ಡಮ್ಮಂದಿರು ಹೇಳ್ತಾರೆ, "ಇಷ್ಟು ತಾಪತ್ರಯ ಯಾಕೆ, ಫೋನ್ನಾಗೆ ಹಾಡು ಬರಲ್ವಾ, ಆ ದುಡ್ಡಿಗೆ ಒಂದು ಸರ ಮಾಡಿಸ್ಕೋ ಅನ್ನು" ಅಂತ. ದೊಡ್ಡಮ್ಮ, ಸರ ಬೀರುವಿನಾಗಿರುತ್ತೆ. ಹುಳ ಹಣ್ಣಾಗೋ ದಿನಗಳಾಗೆ ಊಟ ನಿದ್ದೆ ಬಿಟ್ಟು ಚಂದ್ರಿಕೆಗೆ ಹುಳ ಹತ್ತಿಸಿ ಬಂದು ಕೂತೋಳಿಗೆ ಸರದಿಂದ ಏನು ಸಿಗುತ್ತೆ? ಎಸ್. ಜಾನಕಿ ದನಿ ಫೋನಿನ ತೂತಿನಿಂದ ಬರೋದಕ್ಕೂ, ಎದುರುಗಡೆ ಕೂತು ಉಸಿರು ತಗೊಂಡು ಹಾಡಿದಂಗೆ ಬರೋದಕ್ಕೂ ಇರೋ ವ್ಯತ್ಯಾಸ ಒಂದು ಸಲ ಕೇಳಿ, ಆಮೇಲೆ ಮಾತಾಡೋಣ. ಗಂಡಸರು ಬುಲೆಟ್ ತಂದ್ರೆ ಆಸೆ ಅಂತೀರಿ, ಹೆಣ್ಣು ಹಾಡಿನ ಪೆಟ್ಟಿಗೆ ತಂದ್ರೆ ದಂಡ ಅಂತೀರಿ. ಅವಳು ದುಡಿದ ದುಡ್ಡು, ಅವಳ ಕಿವಿ.

ಇನ್ನೊಂದು ಗುಂಪು ಐತೆ, ಶಾಸ್ತ್ರ ಹೇಳೋರು. "ಒಂದೇ ಟ್ಯೂಬಿನ 300ಬಿ ಬಿಟ್ರೆ ಬೇರೆ ಎಲ್ಲಾ ಕಸ" ಅನ್ನೋರು. 300ಬಿ ಒಳ್ಳೇದೇ, ಎಂಟು ವ್ಯಾಟ್ ಕೊಡುತ್ತೆ, ದನಿ ಸೊಗಸು. ಟ್ಯೂಬಿನ ರೇಟು ಕೇಳಿದ್ರೆ ತಲೆ ತಿರುಗುತ್ತೆ. ಟ್ಯೂಬು ಅಂದ್ರೆ ಬಲ್ಬಿದ್ದಂಗೆ, ಸವೆಯುತ್ತೆ. ದೊಡ್ಡವು ಎರಡು ಸಾವಿರದಿಂದ ಐದು ಸಾವಿರ ಗಂಟೆ ಬರಬಹುದು, ಸಣ್ಣವು ಅದಕ್ಕಿಂತ ಜಾಸ್ತಿ. ದಿನಕ್ಕೆ ನಾಕು ಗಂಟೆಯಂಗೆ ಎರಡು ಮೂರು ವರ್ಷಕ್ಕೆ ಬದಲಾಯಿಸಬೇಕು. ಈಗ ಟ್ಯೂಬ್ ಮಾಡೋದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ. 2022ರಾಗೆ ರಷ್ಯಾದ ಮಾಲು ಕೆಲ ಕಾಲ ಅಡ್ಡ ಬಿದ್ದಾಗ ಟ್ಯೂಬ್ ಕೊಳ್ಳೋರೆಲ್ಲ ಪೇಚಿಗೆ ಸಿಕ್ಕಿದ್ರು. ಅದಕ್ಕೇ ಮೂರು ಕಡೆನೂ ಮಾಡೋ ಮಾಮೂಲಿ ನಂಬರಿನದನ್ನೇ ತಗೋಬೇಕು: ಇಎಲ್ 84, ಇಎಲ್ 34, 6ವಿ6, ಸಣ್ಣದಕ್ಕೆ ಇಸಿಸಿ 83. ಟ್ಯೂಬ್ ಬದಲಾಯಿಸಿದಾಗ ಮೀಟರ್ ಹಿಡಿದು ತಿರುಗಿಸಿ ಹೊಂದಿಸೋ ಕೆಲ್ಸ ಕೆಲವಕ್ಕೆ ಇರುತ್ತೆ, ಬಯಸ್ ಅಂತಾರೆ. ತಾನೇ ಹೊಂದಿಸ್ಕಳೋ ಮಾದರಿನೂ ಬರುತ್ತೆ, ಮನೆಗೆ ಅದೇ ಸರಿ. ಬೆಂಗ್ಳೂರಿನ ಎಸ್.ಪಿ. ರೋಡಿನ ತನಕ ಹೋಗಿ ಬಂದು ರಿಪೇರಿ ಆಗೋ ವಸ್ತು ನಮ್ಮದು ಅನ್ನಿಸ್ಕಳುತ್ತೆ. ಒಳಗೆ ತಂತಿ, ರೆಸಿಸ್ಟರು, ಕೆಪಾಸಿಟರು ಬಿಡಿ ಬಿಡಿಯಾಗಿ ಕಾಣೋ ಹಂಗಿದ್ರೆ ಹಳೇ ಕಾಲದ ರೇಡಿಯೊ ಮೆಕ್ಯಾನಿಕ್ಕೂ ಕೈ ಇಕ್ತಾರೆ. ಸ್ಮಾರ್ಟ್ ಟಿವಿ ಕೆಟ್ಟಾಗ "ಬೋರ್ಡ್ ಹೋಗಿದೆ ಮೇಡಂ, ಹೊಸದು ತಗೊಳ್ಳಿ" ಅಂದದ್ದು ಮರ್ತಿಲ್ಲ ತಾನೆ? ಟ್ಯೂಬಿನ ಮೇಲೆ ನಂಗಿರೋ ಪ್ರೀತಿಗೆ ದನಿ ಅರ್ಧ ಕಾರಣ, ಇದು ಇನ್ನರ್ಧ.

ದನಿ ಅಂದಾಗ ಸುಳ್ಳು ಹೇಳಬಾರದು. ಅಳತೆ ಯಂತ್ರ ಇಕ್ಕಿ ನೋಡಿದ್ರೆ ಇಪ್ಪತ್ತು ಸಾವಿರದ ಮಾಮೂಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಲಕ್ಷದ ಟ್ಯೂಬಿಗಿಂತ ಚೊಕ್ಕ. ಟ್ಯೂಬು ಹಾಡಿಗೆ ತನ್ನದೂ ಒಂದಿಷ್ಟು ಬೆರೆಸುತ್ತೆ. ಬೆರೆಸೋದು ಹೆಚ್ಚಾಗಿ ಮೂಲ ಸ್ವರದ ಎರಡರಷ್ಟಿರೋ ಸ್ವರ, ಅಂದ್ರೆ ಮೇಲಿನ ಷಡ್ಜ ಇದ್ದಂಗೆ. ಅದಕ್ಕೇ ಕಿವಿಗೆ ಹಿತ. ಸಾರಿಗೆ ಒಂದು ಚೂರು ಬೆಲ್ಲ. ಶಕ್ತಿ ಮೀರಿದಾಗ್ಲೂ ಫಟ್ ಅಂತ ಒಡೆಯಲ್ಲ, ಮೆತ್ತಗೆ ಸೋಲುತ್ತೆ. ಬೆಲ್ಲ ಬೇಡ ಅನ್ನೋರು ಟ್ರಾನ್ಸಿಸ್ಟರ್ ತಗೊಳ್ಳಿ, ಬಿಲ್ಲೂ ಉಳಿಯುತ್ತೆ. ನಮ್ಮ ಮನೆಗಳಾಗೆ ಕೇಳೋದು ಏನು? ಎಂ.ಎಸ್. ಸುಬ್ಬುಲಕ್ಷ್ಮಿ ಅವರ 1963ರ ಸುಪ್ರಭಾತ, ಪಿ.ಬಿ. ಶ್ರೀನಿವಾಸ್, 1978ರ ನಿತ್ಯೋತ್ಸವ ಕ್ಯಾಸೆಟ್ಟಿನ ಹಾಡುಗಳು, ಕೈವಾರ ತಾತಯ್ಯನ ತತ್ವಪದ. ಎಲ್ಲಾ ಮನುಷ್ಯರ ದನಿ. ಇದಕ್ಕೆ ಗೋಡೆ ನಡುಗೋ ಬೇಸು ಯಾಕೆ?

ಆರಿಸೋದು ಹೆಂಗೆ ಅಂದ್ರೆ, ಗೂಡು ಆರಿಸಿದಂಗೆ. ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ ಒಳಗಿರೋದು ಹೆಂಗೈತೆ ಅಂತ ಹೇಳೋ ನಾದಿನಿಗೆ ಸ್ಪೀಕರ್ ದನಿ ಗೊತ್ತಾಗಲ್ಲ ಅಂದ್ರೆ ನಾನು ಒಪ್ಪಲ್ಲ. ಅಂಗಡಿಯವನು ಹಾಕೋ ಹಾಡು ಕೇಳಬೇಡಿ, ಅವು ಅವನ ಪೆಟ್ಟಿಗೆಗೆ ಒಗ್ಗಿಸಿ ಇಟ್ಟವು. ನಿಮಗೆ ಬಾಯಿಪಾಠ ಇರೋ ಹಾಡು ತಗೊಂಡು ಹೋಗಿ. ದನಿ ತೀರಾ ಸಣ್ಣಗೆ ಇಕ್ಕಿ, ಪಲ್ಲವಿಯ ಒಂದೊಂದು ಅಕ್ಷರನೂ ಕೇಳಿಸುತ್ತಾ ನೋಡಿ. ರಾತ್ರಿ ಮಗು ಮಲಗಿದಾಗ ನಾವು ಕೇಳೋದು ಆ ಮಟ್ಟದಾಗೆ. ಆಮೇಲೆ ಹಾಡು ನಿಲ್ಲಿಸಿ, ಆಂಪ್ಲಿಫೈಯರ್ ಆನ್ ಇರಲಿ, ಸ್ಪೀಕರಿಗೆ ಕಿವಿ ಕೊಡಿ. ಗುಂಯ್ ಅನ್ನೋದು ಒಂದು ಗಜ ದೂರಕ್ಕೂ ಕೇಳಿಸಿದ್ರೆ ಎದ್ದು ಬನ್ನಿ. ನಮ್ಮ ಗೌರಿಬಿದನೂರಿನ ಹತ್ರ ಬಯಲಿನಾಗೆ ಸಾವಿರ ಆಂಟೆನಾ ಸಾಲಾಗಿ ನಿಲ್ಲಿಸಿ ಸೂರ್ಯ ನಕ್ಷತ್ರಗಳಿಂದ ಬರೋ ರೇಡಿಯೊ ಅಲೆ ಹಿಡೀತಾರಲ್ಲ, ಅಲ್ಲೂ ಮೊದಲ ಚಿಂತೆ ಗದ್ದಲ ಇಲ್ಲದಿರೋದು. ಅತ್ತಿಗೆ ಊರಿನ ವಿಚಾರ, ಹೇಳದೆ ಬಿಟ್ರೆ ಬೇಜಾರು ಮಾಡ್ಕಂತಾರೆ.

ನಾದಿನಿಗೆ ನಾನು ಹಾಕ್ಕೊಟ್ಟ ಲೆಕ್ಕ ಹಿಂಗೈತೆ. ಸ್ಪೀಕರಿಗೆ ನಲವತ್ತು ಸಾವಿರ. ಸಣ್ಣ ಆಂಪ್ಲಿಫೈಯರಿಗೆ ನಲವತ್ತೈದು. ಅರ್ಥಿಂಗು, ಸ್ಟೆಬಿಲೈಸರಿಗೆ ಹತ್ತು. ಮುಂದಿನ ಸಲದ ಟ್ಯೂಬಿಗೆ ಅಂತ ಐದು ಸಾವಿರ ಪೋಸ್ಟಾಫೀಸಿನಾಗೆ. ಉಳಿದ ಇಪ್ಪತ್ತೈದು ಸಾವಿರ ಅವಳ ಹೆಸರಲ್ಲೇ ಇರಲಿ, ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಭಾನುವಾರ ನಾನೂ ಅವಳೂ ಬೆಳಗಿನ ಬಸ್ಸಿಗೆ ಬೆಂಗ್ಳೂರಿಗೆ ಹೋಗ್ತಿದೀವಿ, ಅಂಗಡಿಗೆ ಹೇಳಿ ಇಟ್ಟಿದೀವಿ. ಭಾವ ಬೇಕಾದ್ರೆ ಜೊತೆಗೆ ಬರಬಹುದು, ವಾಪಸ್ ಬರೋವಾಗ ಪೆಟ್ಟಿಗೆ ಭಾರ ಇರುತ್ತೆ.